ಕಂಪೆನಿಯ ಪ್ರತಿಜ್ಞೆಯೂ ಬೆಳೆಗಾರನ ಹಕ್ಕೂ

ಬೃಹತ್ ವಾಣಿಜ್ಯ ಸಂಸ್ಥೆಗಳು ತಮ್ಮ ಸಾಮಾಜಿಕ ಹೊಣೆಯನ್ನು ತಾವಾಗಿಯೇ ಅರಿತುಕೊಂಡು, ತಮಗೆ ತಾವೇ ನಿಯಮಗಳನ್ನು ವಿಧಿಸಿಕೊಂಡು, ಆ ನಿಯಮಗಳ ಪಾಲನೆಯನ್ನು ವರ್ಷವರ್ಷವೂ ವರದಿಯ ಮೂಲಕ ಲೋಕಕ್ಕೆ ನಿವೇದಿಸುತ್ತಿರುವ ಈ ಕಾಲದಲ್ಲಿ, ಸರಕಾರವು ಶಾಸನವನ್ನು ಹಿಡಿದು ಅವುಗಳ ಬೆನ್ನು ಹತ್ತಬೇಕಾದ ಪ್ರಮೇಯವೇ ಇಲ್ಲವೆಂಬ ಅಭಿಪ್ರಾಯವು ನಮ್ಮ ವಿದ್ಯಾವಂತ ವರ್ಗದಲ್ಲಿ ಬಹುಮಟ್ಟಿಗೆ ಸ್ಥಿರವಾಗಿ ನೆಲೆಗೊಂಡಿದೆ. ವಾಣಿಜ್ಯಶಾಸ್ತ್ರದ ತರಗತಿಗಳಲ್ಲಿ ಇದು ಪಾಠವಾಗಿದೆ. ಹಳ್ಳಿಯ ಶಾಲೆಗೆ ಬೆಂಚು ಬಂದಾಗಲೋ ಅಂಗನವಾಡಿಗೆ ನೀರಿನ ಟ್ಯಾಂಕಿ ಬಂದಾಗಲೋ ನಡೆಯುವ ಸಮಾರಂಭಗಳಲ್ಲಿ ಇದೇ ಕೃತಜ್ಞತೆಯ ಭಾಷಣವೂ ಆಗಿದೆ. 2000ದಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಆರಂಭಗೊಂಡ ಗ್ಲೋಬಲ್ ಕಾಂಪ್ಯಾಕ್ಟ್ ಎಂಬ ಒಡಂಬಡಿಕೆಗೆ ಸಹಿ ಹಾಕಿದ ಕಂಪೆನಿಗಳು ಸಹಸ್ರಾರು ಎಂಬುದನ್ನೇ ವಾಣಿಜ್ಯಲೋಕದ ಹೃದಯಪರಿವರ್ತನೆಗೆ ಪ್ರಮಾಣವೆಂದು ತೋರಿಸುವವರುಂಟು. ಈ ಅಭಿಪ್ರಾಯವನ್ನು ನಾನು ಒಪ್ಪಲಾರೆ. ಬಲಿಷ್ಠನ ಸಂಕಲ್ಪವು ದುರ್ಬಲನ ಹಕ್ಕಿನ ಸ್ಥಾನವನ್ನು ತುಂಬಬಲ್ಲದೆಂಬ ಭ್ರಾಂತಿಯೇ ಇದರ ತಳಹದಿ. ಆ ಭ್ರಾಂತಿಗೆ ತೆತ್ತ ಬೆಲೆಯ ಲೆಕ್ಕವು ನಮ್ಮ ಸೀಮೆಯ ತೋಟಗಳಲ್ಲಿಯೇ ಇದೆ.

ಕಾಣಿಯೂರು, ಚಾರ್ವಾಕ, ದೋಳ್ಪಾಡಿಗಳ ಅಡಿಕೆ ತೋಟಗಳಲ್ಲಿ, ಮರಗಳ ನೆರಳಿನಲ್ಲಿ, ಕಾಂಡಕ್ಕೇ ಅಂಟಿಕೊಂಡು ಕಾಯಿ ಬಿಡುವ ಕೊಕ್ಕೊ ಗಿಡವನ್ನು ಕಾಣದವರಿಲ್ಲ. ಈ ಗಿಡವು ನಮ್ಮ ಹಿರಿಯರು ಬೆಳೆದದ್ದಲ್ಲ. ಅದರ ತವರು ದಕ್ಷಿಣ ಅಮೆರಿಕದ ಕಾಡು. ಅದನ್ನು ಈ ನಾಡಿನಲ್ಲಿ ವಾಣಿಜ್ಯದ ಬೆಳೆಯನ್ನಾಗಿ ಹರಡಿಸಿದವರಲ್ಲಿ ಪ್ರಮುಖರು ಇಂಗ್ಲೆಂಡಿನ ಕ್ಯಾಡ್ಬರಿ ಕಂಪೆನಿಯವರು. 1965ರಲ್ಲಿ ವಯನಾಡಿನ ಚುಂಡಾಲೆಯಲ್ಲಿ ಅವರು ಪ್ರಾತ್ಯಕ್ಷಿಕೆಯ ತೋಟವೊಂದನ್ನು ಬೆಳೆಸಿದರು. ಅನಂತರ ವಿಟ್ಲದ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅಡಿಕೆಯ ನಡುವೆ ಅದನ್ನು ಮಿಶ್ರಬೆಳೆಯಾಗಿ ಬೆಳೆಯಬಹುದೆಂಬುದನ್ನು ತೋರಿಸಿಕೊಟ್ಟರು. ಕೊಳೆರೋಗದ ವರ್ಷಗಳಲ್ಲಿ ಅಡಿಕೆ ಕೈಕೊಟ್ಟರೂ ಕೊಕ್ಕೊ ಕೈಹಿಡಿಯುವುದೆಂಬ ಆಶೆಯಿಂದಲೂ, ಕೊಳ್ಳುವುದಕ್ಕೆ ಕಂಪೆನಿಯು ಇದೆಯೆಂಬ ಭರವಸೆಯಿಂದಲೂ 1970ರ ದಶಕದಲ್ಲಿ ನಮ್ಮ ಕೃಷಿಕರು ಗಿಡ ನೆಟ್ಟರು.

ಕೊಕ್ಕೊ ಬೆಳೆಗಾರನ ಪರಾಧೀನತೆಯ ಮೂಲವು ಆ ಬೀಜದ ಸ್ವಭಾವದಲ್ಲಿಯೇ ಇದೆ. ಅಡಿಕೆಯು ಕಾಯುವ ಬೆಳೆ. ಅಂಗಳದಲ್ಲಿ ಒಣಗಿಸಿ ಸುಲಿದು ಗೋಣಿ ತುಂಬಿಟ್ಟರೆ ಚಾಲಿಯು ಹೊಸತು ಹಳತಾಗಿ, ಹಳತು ಡಬ್ಬಲ್ ಚೋಲಾಗಿ ಬೆಲೆ ಏರುವತನಕ ಅಟ್ಟದಲ್ಲಿ ಕುಳಿತಿರುತ್ತದೆ. ಇಂದು ಮಾರದಿದ್ದರೆ ನಾಳೆ, ಈ ವರ್ಷ ಮಾರದಿದ್ದರೆ ಮುಂದಿನ ವರ್ಷ. ಕೊಕ್ಕೊ ಹಾಗಲ್ಲ. ಮಂಗನಿಂದಲೂ ಅಳಿಲಿನಿಂದಲೂ ಇಲಿಯಿಂದಲೂ ಉಳಿದ ಕಾಯಿಯನ್ನು ಒಡೆದು ತೆಗೆದ ಹಸಿ ಬೀಜವು ಲೋಳೆಯಿಂದ ಕೂಡಿರುವುದರಿಂದ ಒಡನೆಯೇ ಹುಳಿಯತೊಡಗುತ್ತದೆ. ಅದನ್ನು ಕ್ರಮವರಿತು ಹುದುಗಿಸಿ ಒಣಗಿಸುವ ಅನುಕೂಲವಿಲ್ಲದ ಸಣ್ಣ ಹಿಡುವಳಿದಾರನು, ಅದರಲ್ಲಿಯೂ ಬಿಸಿಲೇ ಕಾಣದ ನಮ್ಮ ಆಷಾಢದ ಮಳೆಯಲ್ಲಿ, ಅದನ್ನು ಅಂದೋ ಮರುದಿನವೋ ಮಾರಲೇಬೇಕು. ಕಾಯಲಾರದ ಮಾರಾಟಗಾರನ ಎದುರಿಗೆ ಕಾಯಬಲ್ಲ ಖರೀದಿದಾರನು ನಿಂತಾಗ ಬೆಲೆಯನ್ನು ಯಾರು ನಿರ್ಧರಿಸುತ್ತಾರೆಂಬುದನ್ನು ವಿವರಿಸಬೇಕಾಗಿಲ್ಲ. ಇಂತಹ ವ್ಯಾಪಾರದಲ್ಲಿ ಖರೀದಿದಾರನ ಸದ್ಭಾವನೆಯು ಬೆಳೆಗಾರನಿಗೆ ರಕ್ಷಣೆಯೆಂದು ಹೇಳುವುದು, ಸಾಲಗಾರನ ಸ್ವಂತ ಲೆಕ್ಕದ ಪುಸ್ತಕವೇ ಸಾಲ ಕೊಟ್ಟವನಿಗೆ ಆಧಾರಪತ್ರವೆಂದು ಹೇಳಿದಂತೆ.

1980ರ ಸುಮಾರಿಗೆ ಆದುದೂ ಇದೇ. ವಿಶ್ವದ ಮಾರುಕಟ್ಟೆಯಲ್ಲಿ ಕೊಕ್ಕೊದ ಬೆಲೆ ಕುಸಿಯಿತು. ಕರ್ನಾಟಕ ಕೇರಳಗಳಲ್ಲಿ ಬೀಜವನ್ನು ಕೊಳ್ಳುತ್ತಿದ್ದ ಖಾಸಗಿ ಕಂಪೆನಿಗಳು ಖರೀದಿಯಿಂದ ಹಿಂದೆ ಸರಿದುವು. ಅವುಗಳಲ್ಲಿ ಪ್ರಧಾನವಾದುದು ಬೆಳೆಯನ್ನು ಪ್ರಚಾರ ಮಾಡಿದ ಕಂಪೆನಿಯೇ. ಗಿಡ ಫಲ ಕೊಡುತ್ತಿತ್ತು, ಕೊಳ್ಳುವವರಿರಲಿಲ್ಲ. ಅನೇಕರು ಗಿಡಗಳನ್ನು ಕಡಿದು ಹಾಕಿದರು. ಆಗ ಬೆಳೆಗಾರನ ನೆರವಿಗೆ ಬಂದದ್ದು ಯಾವ ಕಂಪೆನಿಯ ಯಾವ ನೀತಿಸಂಹಿತೆಯೂ ಅಲ್ಲ. ಅಡಿಕೆಯ ಬೆಲೆ ಕುಸಿದು ಕೃಷಿಕರು ಕಂಗೆಟ್ಟಿದ್ದ ಕಾಲದಲ್ಲಿ, 1973ರ ಜುಲೈ 11ರಂದು, ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಎರಡು ರಾಜ್ಯಗಳ ಬೆಳೆಗಾರರನ್ನು ಒಂದುಗೂಡಿಸಿ ಜನ್ಮತಾಳಿದ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊ. ಅಡಿಕೆಗೆಂದು ಹುಟ್ಟಿದ ಆ ಸಂಸ್ಥೆಯು ಕೊಕ್ಕೊವನ್ನೂ ಕೊಳ್ಳತೊಡಗಿತು. ಕೊಂಡ ಬೀಜಕ್ಕೆ ಗತಿ ಕಾಣಿಸುವುದಕ್ಕಾಗಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟು ಕಾರ್ಖಾನೆಯನ್ನೇ ಕಟ್ಟಿತು. 1986ರಲ್ಲಿ ರಾಷ್ಟ್ರಪತಿ ಜೈಲ್ ಸಿಂಗರು ಅದನ್ನು ಉದ್ಘಾಟಿಸಿದರು. ಬೀಜ ಬೆಳೆದವನೇ ಅದನ್ನು ಅರೆಯುವ ಯಂತ್ರಕ್ಕೂ ಒಡೆಯನಾಗುವುದು ಕೊಕ್ಕೊದ ಇತಿಹಾಸದಲ್ಲಿ ಅಪರೂಪದ ಸಂಗತಿ. ಘಾನಾದ ಅಥವಾ ಐವರಿ ಕೋಸ್ಟಿನ ಸಾಮಾನ್ಯ ಬೆಳೆಗಾರನಿಗೆ ಇಂದಿಗೂ ಈ ಸ್ಥಿತಿ ಬಂದಿಲ್ಲ.

ಈ ಕಥೆಯನ್ನು ಸಹಕಾರದ ವಿಜಯವೆಂದು ಕೊಂಡಾಡುವವರೇ ಅದರ ಇನ್ನೊಂದು ಮುಖವನ್ನು ಮರೆಯುತ್ತಾರೆಂಬುದು ನನ್ನ ವ್ಯಥೆ. ಕ್ಯಾಂಪ್ಕೊ ಸಹಕಾರಿ ಕಾನೂನಿನ ಅಡಿಯಲ್ಲಿ ನೋಂದಣಿಯಾದ ಸಂಸ್ಥೆ. ಅದರ ಆಡಳಿತ ಮಂಡಳಿಯನ್ನು ಸದಸ್ಯರು ಮತದಿಂದ ಆರಿಸುತ್ತಾರೆ. ಮಹಾಸಭೆಯಲ್ಲಿ ಎದ್ದುನಿಂತು ಧಾರಣೆಯನ್ನು ಕುರಿತು ಪ್ರಶ್ನಿಸುವ ಅಧಿಕಾರ ಸದಸ್ಯನಾದ ಕಾಣಿಯೂರಿನ ಸಾಮಾನ್ಯ ಕೃಷಿಕನಿಗೂ ಇದೆ. ಅದು ತಪ್ಪೆಸಗುವುದಿಲ್ಲವೆಂದಲ್ಲ, ತಪ್ಪೆಸಗಿದಾಗ ಕೇಳುವ ದಾರಿಯುಂಟು ಎಂಬುದು ಮುಖ್ಯ. ಕಂಪೆನಿಯ ಪ್ರತಿಜ್ಞೆಯಲ್ಲಿ ಇಲ್ಲದಿರುವುದು ಈ ದಾರಿಯೇ.

ಇಷ್ಟು ಹೇಳಿದೊಡನೆ ಪ್ರತಿಪಕ್ಷದವರು, ಅದು ಹಿಂದಿನ ಕಾಲದ ಮಾತು, ಆಗ ಸಾಮಾಜಿಕ ಹೊಣೆಯೆಂಬ ಪರಿಕಲ್ಪನೆಯೇ ಬಲಿತಿರಲಿಲ್ಲ, ಒಂದು ಕಂಪೆನಿಯ ವ್ಯಾಪಾರನಿರ್ಣಯವನ್ನು ಹಿಡಿದು ಎಲ್ಲರನ್ನೂ ದೂಷಿಸುವುದು ನ್ಯಾಯವಲ್ಲ, ಎನ್ನಬಹುದು. ಹಾಗಾದರೆ ಅದೇ ಕಂಪೆನಿಯ ಚರಿತ್ರೆಯನ್ನು ಹಿಂದಕ್ಕೂ ಮುಂದಕ್ಕೂ ನೋಡೋಣ. ಏಕೆಂದರೆ ವಾಣಿಜ್ಯದಲ್ಲಿ ಧರ್ಮಬುದ್ಧಿಯನ್ನು ಇರಿಸಿಕೊಂಡವರೆಂದು ಪ್ರಸಿದ್ಧರಾದವರಲ್ಲಿ ಕ್ಯಾಡ್ಬರಿ ಮನೆತನಕ್ಕಿಂತ ಮಿಗಿಲಾದವರು ವಿರಳ. ಕ್ವೇಕರ್ ಪಂಥದ ಆ ಜನರು ಕಾರ್ಮಿಕರಿಗಾಗಿ ಬೋರ್ನ್‌ವಿಲ್ ಎಂಬ ಹಸುರು ಬಡಾವಣೆಯನ್ನೇ ನಿರ್ಮಿಸಿದರು; ಅವರ ಪ್ರಾಮಾಣಿಕತೆಯನ್ನು ನಾನು ಶಂಕಿಸುವುದಿಲ್ಲ. ಅಂತಹವರೇ 1901ರಲ್ಲಿ, ತಮಗೆ ಬೇಕಾದ ಕೊಕ್ಕೊದ ಸುಮಾರು ಅರ್ಧದಷ್ಟನ್ನು ಒದಗಿಸುತ್ತಿದ್ದ ಪೋರ್ಚುಗೀಸರ ಸಾವೊ ತೊಮೆ ದ್ವೀಪಗಳಲ್ಲಿ, ಅಂಗೋಲದಿಂದ ಹಿಡಿದು ತಂದ ಆಳುಗಳು ಹೆಸರಿಗೆ ಕರಾರಿನ ಕೂಲಿಗಳಾಗಿದ್ದರೂ ವಸ್ತುತಃ ಗುಲಾಮರೆಂಬುದನ್ನು ಕೇಳಿ ತಿಳಿದರು. ತಿಳಿದ ಮೇಲೆ ಏನು ಮಾಡಿದರು? ವಿಚಾರಿಸಿದರು, ಪೋರ್ಚುಗೀಸ್ ಅಧಿಕಾರಿಗಳೊಡನೆ ಮಾತನಾಡಿದರು, 1905ರಲ್ಲಿ ಜೋಸೆಫ್ ಬರ್ಟ್ ಎಂಬಾತನನ್ನು ತನಿಖೆಗೆ ಕಳುಹಿಸಿದರು, ವರದಿ ಬಂದ ಬಳಿಕ ಮತ್ತೆ ಮಾತನಾಡಿದರು. ಆ ಬೀಜವನ್ನು ಕೊಳ್ಳುವುದನ್ನು ನಿಲ್ಲಿಸಿದುದು 1909ರಲ್ಲಿ. ಈ ಎಂಟು ವರ್ಷಗಳ ಕಾಲ ಖರೀದಿಯು ಅವ್ಯಾಹತವಾಗಿ ಸಾಗಿತು. ಇದನ್ನು ಬಯಲಿಗೆಳೆದ ಸ್ಟಾಂಡರ್ಡ್ ಪತ್ರಿಕೆಯ ಮೇಲೆ ಕಂಪೆನಿಯು ಮಾನನಷ್ಟದ ದಾವೆ ಹೂಡಿತು. ಬರ್ಮಿಂಗ್‌ಹ್ಯಾಮಿನ ಪಂಚರು ತೀರ್ಪನ್ನು ಕಂಪೆನಿಯ ಪರವಾಗಿ ಕೊಟ್ಟರಾದರೂ ಪರಿಹಾರವಾಗಿ ವಿಧಿಸಿದ ಮೊತ್ತ ಒಂದೇ ಒಂದು ಫಾರ್ದಿಂಗ್, ಪೆನ್ನಿಯ ಕಾಲುಭಾಗ. ಪ್ರಾಮಾಣಿಕರೂ ದಯಾಳುಗಳೂ ಆದವರ ಅಂತಃಸಾಕ್ಷಿಯೇ ಬೀಜದ ಅವಶ್ಯಕತೆಯ ಎದುರಿಗೆ ಎಂಟು ವರ್ಷ ತಡೆದು ನಿಂತಿತೆಂದ ಮೇಲೆ, ಮಾಲಿಕರಾರೆಂಬುದೇ ತಿಳಿಯದ, ಷೇರುಪೇಟೆಯ ಮೂರು ತಿಂಗಳ ಲೆಕ್ಕಕ್ಕೆ ಬದ್ಧವಾದ ಇಂದಿನ ಸಂಸ್ಥೆಯ ಅಂತಃಸಾಕ್ಷಿಯನ್ನು ನೆಚ್ಚಿಕೊಳ್ಳುವುದೆಂತು?

ಮುಂದಿನ ಕಾಲಕ್ಕೆ ಬರೋಣ. 2009ರಲ್ಲಿ ಅಮೆರಿಕದ ಕ್ರಾಫ್ಟ್ ಕಂಪೆನಿಯು ಕ್ಯಾಡ್ಬರಿಯನ್ನು ಕೊಳ್ಳಲು ಹೊರಟಾಗ, ಬ್ರಿಸ್ಟಲ್ ಸಮೀಪದ ಸೊಮರ್‌ಡೇಲ್ ಕಾರ್ಖಾನೆಯನ್ನು ಮುಚ್ಚದೆ ಉಳಿಸಿಕೊಳ್ಳುವೆವೆಂಬ ಭರವಸೆಯನ್ನು ಸಾರ್ವಜನಿಕವಾಗಿ ನೀಡಿತು. 2010ರ ಫೆಬ್ರವರಿಯಲ್ಲಿ ಕಂಪೆನಿಯು ಕೈವಶವಾಯಿತು. ಅದೇ ತಿಂಗಳು, ವಾರ ಕಳೆಯುವಷ್ಟರಲ್ಲಿ, ಕಾರ್ಖಾನೆಯನ್ನು ಮುಚ್ಚುವ ಘೋಷಣೆಯೂ ಹೊರಬಿತ್ತು. ಬ್ರಿಟನ್ನಿನ ಟೇಕ್‌ಓವರ್ ಪ್ಯಾನೆಲ್ ಕ್ರಾಫ್ಟನ್ನು ಬಹಿರಂಗವಾಗಿ ಖಂಡಿಸಿತು; ಮರುವರ್ಷ ತನ್ನ ನಿಯಮಾವಳಿಯನ್ನೇ ತಿದ್ದಿ, ಇಂತಹ ಸಂದರ್ಭದಲ್ಲಿ ಕೊಟ್ಟ ಮಾತಿಗೆ ಕಂಪೆನಿಯು ನಿರ್ದಿಷ್ಟ ಅವಧಿಯವರೆಗೆ ಬದ್ಧವಾಗಿರಬೇಕೆಂದು ವಿಧಿಸಿತು. ಮಾತು ಮುರಿಯಿತು, ನಿಯಮ ಹುಟ್ಟಿತು, ನಿಯಮವು ಮೊದಲೇ ಇದ್ದಿದ್ದರೆ ಸೊಮರ್‌ಡೇಲಿನ ಕಾರ್ಮಿಕರು ಮೋಸಹೋಗುತ್ತಿರಲಿಲ್ಲ. ಇನ್ನೊಂದು ಪ್ರಸಂಗ: 2009ರಲ್ಲಿ ಕ್ಯಾಡ್ಬರಿಯು ಬ್ರಿಟನ್ನಿನಲ್ಲಿ ಮಾರುವ ತನ್ನ ಡೈರಿ ಮಿಲ್ಕ್ ಚಾಕಲೇಟಿಗೆ ಫೇರ್‌ಟ್ರೇಡ್ ಸಂಸ್ಥೆಯ ಮುದ್ರೆಯನ್ನು ಪಡೆದಾಗ ಲೋಕವೆಲ್ಲ ಮೆಚ್ಚಿತು. ಆ ಮುದ್ರೆಗೆ ಅರ್ಥವಿತ್ತು. ಬೆಳೆಗಾರನಿಗೆ ಕನಿಷ್ಠ ಬೆಲೆಯೊಂದನ್ನು ಹೊರಗಿನವರು ನಿಗದಿಪಡಿಸುತ್ತಿದ್ದರು, ಹೊರಗಿನವರೇ ಪರಿಶೀಲಿಸುತ್ತಿದ್ದರು. 2012ರಲ್ಲಿ ಮೊಂಡಲೀಜ್ ಎಂಬ ಹೆಸರನ್ನು ತಳೆದ ಅದೇ ಕ್ರಾಫ್ಟ್ ಸಂಸ್ಥೆಯು ಅದೇ ವರ್ಷ ಹತ್ತು ವರ್ಷಗಳಲ್ಲಿ 40 ಕೋಟಿ ಡಾಲರ್ ವೆಚ್ಚ ಮಾಡುವುದಾಗಿ ಸಾರಿ ‘ಕೊಕೊ ಲೈಫ್’ ಎಂಬ ಸ್ವಂತ ಯೋಜನೆಯನ್ನು ಆರಂಭಿಸಿತು. 2016ರಲ್ಲಿ ಫೇರ್‌ಟ್ರೇಡ್ ಮುದ್ರೆಯ ಪದ್ಧತಿಯನ್ನು ತೊರೆದು ತನ್ನ ಯೋಜನೆಯನ್ನೇ ಅದರ ಜಾಗದಲ್ಲಿರಿಸುವುದಾಗಿ ಪ್ರಕಟಿಸಿತು. ಬೆಳೆಗಾರನಿಗೆ ಇದರಿಂದ ನಷ್ಟವಾಗದೆಂದು ಕಂಪೆನಿಯು ಹೇಳಿತು, ಇರಬಹುದು. ಆದರೆ ಒಮ್ಮೆ ಹೊರಗಿನವರ ಅಳತೆಗೋಲಿಗೆ ತಲೆಬಾಗಿದವರು ತಮಗೆ ಬೇಡವಾದಂದು ಆ ಕೋಲನ್ನು ಬದಿಗಿರಿಸಿ ತಮ್ಮ ಕೋಲನ್ನು ತರಬಹುದೆಂದಾದರೆ, ಅಳತೆಯ ಅಧಿಕಾರವು ಯಾರಲ್ಲಿತ್ತು? ಭಾರತವೂ ಈಗ ಆ ಯೋಜನೆಯ ವ್ಯಾಪ್ತಿಯಲ್ಲಿದೆಯಾದುದರಿಂದ ಈ ಪ್ರಶ್ನೆಯು ನಮಗೆ ದೂರದ್ದಲ್ಲ.

ಇನ್ನು ಪ್ರತಿಪಕ್ಷದ ಅತ್ಯಂತ ಪ್ರಬಲವಾದ ವಾದ. ಸ್ವಯಂಪ್ರೇರಿತ ಸಂಕಲ್ಪವು ಶಾಸನಕ್ಕೆ ವಿರೋಧಿಯಲ್ಲ, ಅದರ ಪೂರ್ವರಂಗ. ಮೊದಲು ಕಂಪೆನಿಗಳು ಅಭ್ಯಾಸ ಮಾಡಿಕೊಳ್ಳಲಿ, ಅಭ್ಯಾಸವಾದುದನ್ನು ಅನಂತರ ಶಾಸನವು ಸ್ಥಿರಪಡಿಸಲಿ, ಎನ್ನುವರು. ಕೇಳುವುದಕ್ಕೆ ಸಮಂಜಸವಾಗಿದೆ. ಆದರೆ ನಡೆದುದು ಅನೇಕ ವೇಳೆ ಇದಕ್ಕೆ ತದ್ವಿರುದ್ಧ. ಪಶ್ಚಿಮ ಆಫ್ರಿಕದ ಕೊಕ್ಕೊ ತೋಟಗಳಲ್ಲಿ ಮಕ್ಕಳನ್ನು ದುಡಿಸುವ ಸುದ್ದಿಯು 2001ರಲ್ಲಿ ಅಮೆರಿಕದಲ್ಲಿ ಹಬ್ಬಿದಾಗ, ಎಲಿಯಟ್ ಎಂಗೆಲ್ ಎಂಬ ಸಂಸದರು ಚಾಕಲೇಟಿನ ಮೇಲೆ ಅದು ದಾಸ್ಯಮುಕ್ತವೆಂಬ ಮುದ್ರೆಯನ್ನು ರೂಪಿಸುವುದಕ್ಕಾಗಿ ಸರಕಾರಿ ಹಣವನ್ನು ಮೀಸಲಿಡುವ ತಿದ್ದುಪಡಿಯನ್ನು ಮಂಡಿಸಿದರು. ಪ್ರತಿನಿಧಿಸಭೆಯು ಅದನ್ನು 291ಕ್ಕೆ 115 ಮತಗಳಿಂದ ಅಂಗೀಕರಿಸಿತು. ಅದು ಶಾಸನವಾಗುವ ಮುನ್ನವೇ ಚಾಕಲೇಟು ಉದ್ಯಮವು ತನ್ನ ಪ್ರಭಾವವನ್ನೆಲ್ಲ ಬಳಸಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಶಾಸನದ ಸ್ಥಾನದಲ್ಲಿ ಹಾರ್ಕಿನ್-ಎಂಗೆಲ್ ಒಡಂಬಡಿಕೆಯೆಂಬ ಸ್ವಯಂಪ್ರೇರಿತ ಪ್ರತಿಜ್ಞೆಯು ಬಂದು ಕುಳಿತಿತು. 2005ರೊಳಗೆ ಮಕ್ಕಳ ದುಡಿಮೆಯ ಅತಿಹೀನ ರೂಪಗಳಿಲ್ಲದ ಕೊಕ್ಕೊವನ್ನು ಪ್ರಮಾಣೀಕರಿಸುವ ವ್ಯವಸ್ಥೆಯನ್ನು ರೂಪಿಸುವೆವೆಂದರು. 2005 ಬಂತು, ಆಗಲಿಲ್ಲ. ಗಡುವು 2008ಕ್ಕೆ ಸರಿಯಿತು. ಅನಂತರ 2010ರಲ್ಲಿ ಹೊಸ ಚೌಕಟ್ಟು, 2020ರೊಳಗೆ ಶೇಕಡಾ 70ರಷ್ಟು ಇಳಿಕೆಯ ಗುರಿ. 2020ರ ಅಕ್ಟೋಬರಿನಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರ ವರದಿ ಹೊರಬಂದಾಗ ಐವರಿ ಕೋಸ್ಟ್ ಮತ್ತು ಘಾನಾಗಳ ಕೊಕ್ಕೊ ಪ್ರದೇಶಗಳಲ್ಲಿ ಈ ಬೆಳೆಗಾಗಿ ದುಡಿಯುತ್ತಿದ್ದ ಮಕ್ಕಳ ಸಂಖ್ಯೆ 15 ಲಕ್ಷ 60 ಸಾವಿರ. ಹತ್ತೊಂಬತ್ತು ವರ್ಷಗಳಲ್ಲಿ ಒಂದು ತಲೆಮಾರಿನ ಮಕ್ಕಳು ಕತ್ತಿ ಹಿಡಿದು ಕಾಯಿ ಒಡೆಯುತ್ತಲೇ ಬೆಳೆದು ದೊಡ್ಡವರಾದರು. ಇದನ್ನು ಪೂರ್ವರಂಗವೆಂದು ಕರೆಯುವುದು ಸತ್ಯಕ್ಕೆ ಅಪಚಾರ. ಶಾಸನವು ಬಾಗಿಲಿಗೆ ಬಂದಾಗ ಅದನ್ನು ಹಿಂದಿರುಗಿಸುವುದಕ್ಕೇ ಪ್ರತಿಜ್ಞೆಯು ಉಪಯೋಗಕ್ಕೆ ಬಂದಿತು.

ಮಾರುಕಟ್ಟೆಯಲ್ಲಿ ಒಳ್ಳೆಯ ಹೆಸರು ಕೆಡುವ ಭಯವೇ ಕಂಪೆನಿಗೆ ಸಾಕಷ್ಟು ಅಂಕುಶವೆಂಬ ಮಾತೂ ಇದೆ. 2019ರಲ್ಲಿ ಘಾನಾ, ಐವರಿ ಕೋಸ್ಟ್ ಸರಕಾರಗಳು ಬೆಳೆಗಾರನ ಜೀವನಾಧಾರಕ್ಕೆಂದು ಪ್ರತಿ ಟನ್ನಿಗೆ 400 ಡಾಲರಿನ ಹೆಚ್ಚುವರಿ ದರವನ್ನು ವಿಧಿಸಿದುವು. ಮರುವರ್ಷ ಅಮೆರಿಕದ ಹರ್ಷೀ ಕಂಪೆನಿಯು ಆ ದರವನ್ನು ತಪ್ಪಿಸಲು ಬೀಜವನ್ನು ವಾಯಿದೆ ಪೇಟೆಯಲ್ಲಿ ಕೊಂಡಿತೆಂದು ಎರಡು ಸರಕಾರಗಳೂ ಆರೋಪಿಸಿದುವು. ಹೆಸರಿನ ಭಯವು ಆಗ ಕೆಲಸ ಮಾಡಲಿಲ್ಲ; ತಮ್ಮ ನೆಲದಲ್ಲಿ ಆ ಕಂಪೆನಿಯ ಸುಸ್ಥಿರತಾ ಯೋಜನೆಗಳನ್ನೆಲ್ಲ ಸರಕಾರಗಳು ಅಮಾನತಿನಲ್ಲಿಟ್ಟ ಮೇಲೆ ಕೆಲವೇ ದಿನಗಳಲ್ಲಿ ವಿಷಯವು ಇತ್ಯರ್ಥವಾಯಿತು.

ಸರಕಾರವೆಂದರೆ ಧರ್ಮಮೂರ್ತಿಯೇ, ಎಂದು ಕೇಳುವವರಿಗೆ ನಮ್ಮ ನೆರೆಯ ದುಃಖವನ್ನೇ ಮುಂದಿರಿಸುತ್ತೇನೆ. ಕೊಕ್ಕಡದ ಸುತ್ತಿನಲ್ಲಿಯೂ ಗಡಿಯಾಚೆ ಪಡ್ರೆ, ಎಣ್ಮಕಜೆಗಳಲ್ಲಿಯೂ ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನನ್ನು ಸುರಿದದ್ದು ಖಾಸಗಿ ಕಂಪೆನಿಯಲ್ಲ, ಎರಡು ರಾಜ್ಯಗಳ ಸರಕಾರಿ ನಿಗಮಗಳು. ಇದನ್ನು ನಾನು ಮುಚ್ಚಿಡಲಾರೆ. ಆದರೆ ಕೀಟನಾಶಕಗಳ ವಿತರಣೆ ಬಳಕೆಗಳನ್ನು ಕುರಿತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯು 1985ರಲ್ಲಿಯೇ ಅಂತಾರಾಷ್ಟ್ರೀಯ ನೀತಿಸಂಹಿತೆಯೊಂದನ್ನು ಹೊರಡಿಸಿತ್ತು; ಅದು ಸ್ವಯಂಪ್ರೇರಿತ; ಅದರ ಅನಂತರವೂ ಆಕಾಶದಿಂದ ವಿಷವು ಸುರಿಯುತ್ತಲೇ ಇತ್ತು. ಪಡ್ರೆಯ ವೈದ್ಯ ಡಾ. ವೈ.ಎಸ್. ಮೋಹನ ಕುಮಾರರು ತಮ್ಮ ರೋಗಿಗಳಲ್ಲಿ ಕಂಡ ಅಸಾಧಾರಣ ವ್ಯಾಧಿಗಳನ್ನು ಗುರುತಿಸಿದ್ದು, ಪತ್ರಕರ್ತ ಶ್ರೀಪಡ್ರೆಯವರು ಅದನ್ನು ಲೋಕಕ್ಕೆ ತಿಳಿಸಿದ್ದು, ಜನರು ಬೀದಿಗಿಳಿದದ್ದು, ಕೊನೆಗೆ 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ದೇಶಾದ್ಯಂತ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆದದ್ದು: ಈ ಸರಣಿಯಲ್ಲಿ ಸ್ವಯಂಪ್ರೇರಿತ ನೀತಿಸಂಹಿತೆಯ ಪಾತ್ರ ಎಲ್ಲಿಯೂ ಕಾಣಿಸದು. ಶಾಸನದ ಬಲವು ಸರಕಾರದ ಸದ್ಗುಣದಿಂದ ಬಂದುದಲ್ಲ. ಅದು ಸರಕಾರವನ್ನೂ ಕಟ್ಟುತ್ತದೆ. 2017ರಲ್ಲಿ ಅದೇ ನ್ಯಾಯಾಲಯವು ಪ್ರತಿಯೊಬ್ಬ ಸಂತ್ರಸ್ತನಿಗೆ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಆಜ್ಞಾಪಿಸಿದಾಗ ಕಂಡದ್ದು ಇದನ್ನೇ. ಶಿಶು ಆಹಾರದ ಡಬ್ಬಿಗಳ ವಿಷಯದಲ್ಲಿಯೂ ಹೀಗೆಯೇ: 1981ರಲ್ಲಿ ವಿಶ್ವ ಆರೋಗ್ಯ ಸಭೆಯು ಅಂಗೀಕರಿಸಿದ ಸಂಹಿತೆಯನ್ನು ಹಲವು ದೇಶಗಳು ಕಂಪೆನಿಗಳ ಮರ್ಜಿಗೆ ಬಿಟ್ಟುವು, ಭಾರತವು 1992ರಲ್ಲಿ ಅದನ್ನು ಕಾಯ್ದೆಯನ್ನಾಗಿ ಮಾಡಿತು. ನಮ್ಮ ತಾಯಂದಿರಿಗೆ ಆ ಡಬ್ಬಿಯ ಜಾಹೀರಾತು ಕಾಣದಿರುವುದು ಆ ಕಾಯ್ದೆಯಿಂದ.

ನಮ್ಮ ದೇಶದಲ್ಲಿ ಸಾಮಾಜಿಕ ಹೊಣೆಯು ಸ್ವಯಂಪ್ರೇರಿತವಾಗಿ ಉಳಿದಿಲ್ಲವಲ್ಲ, 2013ರ ಕಂಪೆನಿ ಕಾಯ್ದೆಯ 135ನೆಯ ವಿಧಿಯು ದೊಡ್ಡ ಕಂಪೆನಿಗಳು ಸರಾಸರಿ ಲಾಭದ ಶೇಕಡಾ 2ನ್ನು ವಿನಿಯೋಗಿಸಬೇಕೆನ್ನುತ್ತದಲ್ಲ, ಎಂಬ ಸಮಾಧಾನವನ್ನೂ ಕೇಳಿದ್ದೇನೆ. 2009ರ ಸ್ವಯಂಪ್ರೇರಿತ ಮಾರ್ಗಸೂಚಿಯಿಂದ ಫಲ ಸಾಲದೆ ಹೋದುದರಿಂದಲೇ ಈ ವಿಧಿ ಬಂತೆಂಬುದು ನನ್ನ ಪಕ್ಷಕ್ಕೆ ಪೋಷಕ. ಆದರೆ ಅದರ ದೋಷವನ್ನೂ ಹೇಳಬೇಕು. ಕಂಪೆನಿಯ ನಿತ್ಯದ ವ್ಯಾಪಾರದ ಅಂಗವಾದ ಕಾರ್ಯಗಳನ್ನು ಈ ಲೆಕ್ಕಕ್ಕೆ ಹಿಡಿಯಕೂಡದೆಂದು ನಿಯಮವಿದೆ. ಕಂಪೆನಿಯು ತನ್ನ ವ್ಯಾಪಾರವನ್ನೇ ಸೇವೆಯೆಂದು ತೋರಿಸದಿರಲೆಂಬುದು ಅದರ ಉದ್ದೇಶ, ಸರಿಯಾದುದೇ. ಪರಿಣಾಮವೇನಾಯಿತೆಂದರೆ, ಬೆಳೆಗಾರನಿಗೆ ಬೀಜಕ್ಕೆ ಕೊಡುವ ಬೆಲೆ, ತೂಕದ ನ್ಯಾಯ, ಹಣ ಸಂದಾಯದ ಅವಧಿ, ಬೆಲೆ ಕುಸಿದಾಗ ಖರೀದಿ ನಿಲ್ಲಿಸದಿರುವ ಕಟ್ಟುಪಾಡು, ಕೃಷಿಕನ ಬದುಕನ್ನು ನೇರವಾಗಿ ತಟ್ಟುವ ಈ ಸಂಗತಿಗಳೆಲ್ಲ ಹೊಣೆಗಾರಿಕೆಯ ಚರ್ಚೆಯಿಂದಲೇ ಹೊರಗುಳಿದುವು. ಶಾಲೆಯ ಗೋಡೆಗೆ ಬಣ್ಣ ಒಳಗೆ ಬಂತು. ಬಣ್ಣವನ್ನು ನಾನು ಹಳಿಯುವುದಿಲ್ಲ; ಮಕ್ಕಳಿಗೆ ಒಳ್ಳೆಯ ಕೊಠಡಿ ಬೇಕು. ಆದರೆ ತಂದೆಯ ಬೆಳೆಗೆ ನ್ಯಾಯವಾದ ಬೆಲೆ ಸಿಕ್ಕದ ಊರಿನಲ್ಲಿ ಮಗನ ಶಾಲೆಗೆ ಬಣ್ಣ ಬಳಿಯುವುದನ್ನು ಪೂರ್ಣವಾದ ಹೊಣೆಯೆಂದು ಒಪ್ಪಲಾರೆ.

2024ರಲ್ಲಿ ಕೊಕ್ಕೊದ ಧಾರಣೆಯು ವಿಶ್ವದ ಪೇಟೆಯಲ್ಲಿ ಟನ್ನಿಗೆ 10000 ಡಾಲರನ್ನು ಮೀರಿ ಏರಿದಾಗ ನಮ್ಮ ತೋಟಗಳಲ್ಲಿ ಮತ್ತೆ ಕೊಕ್ಕೊದ ಮಾತು ಕೇಳಿಬಂತು. ಅನಂತರ ಅದು ಇಳಿಯಿತು. ಏರುವ ಧಾರಣೆಯಲ್ಲಿ ಎಲ್ಲರೂ ಉದಾರಿಗಳೇ. ಇಳಿಯುವ ಧಾರಣೆಯಲ್ಲಿ ನಿಲ್ಲುವ ಕರಾರು ಬೇಕಾದುದು ಈಗ. ಕರಪತ್ರದಲ್ಲಿ ಅಚ್ಚಾದ ಸದಾಶಯವನ್ನು ನಾವು ಸ್ವೀಕರಿಸದೆ, ನಮ್ಮ ಭಾಷೆಯಲ್ಲಿ ಬರೆದ, ಕನಿಷ್ಠ ಬೆಲೆಯನ್ನೂ ಖರೀದಿಯ ಪ್ರಮಾಣವನ್ನೂ ಅವಧಿಯನ್ನೂ ಸ್ಪಷ್ಟವಾಗಿ ನಮೂದಿಸಿದ ಒಪ್ಪಂದವನ್ನು ಕೇಳಬೇಕು. ಅದಕ್ಕೆ ಸಹಿ ಹಾಕುವವರು ಒಂಟಿ ಕೃಷಿಕರಾಗಿರದೆ ನಮ್ಮ ಸಹಕಾರಿ ಸಂಘಗಳಾಗಿರಬೇಕು. ಕಂಪೆನಿಯ ನೋಂದಣಿ ಕಚೇರಿ ಎಲ್ಲಿದ್ದರೂ, ಒಪ್ಪಂದ ಮುರಿದರೆ ಪುತ್ತೂರಿನ ನ್ಯಾಯಾಲಯದಲ್ಲಿ ದಾವೆ ಹೂಡುವ ಅಧಿಕಾರವನ್ನು ಆ ಪತ್ರದಲ್ಲಿಯೇ ಬರೆದಿರಬೇಕು. ತನ್ನ ಪ್ರತಿಜ್ಞೆಯಲ್ಲಿ ಪ್ರಾಮಾಣಿಕವಾಗಿರುವ ಯಾವ ಕಂಪೆನಿಗೂ ಈ ಷರತ್ತಿಗೆ ಸಹಿ ಹಾಕುವುದರಿಂದ ನಷ್ಟವಿಲ್ಲ. ಹಿಂಜರಿಯುವ ಕಂಪೆನಿಗೆ ಬೀಜವನ್ನು ಕೊಡದಿರುವ ಸಾಮರ್ಥ್ಯವು, ಕೆಮ್ಮಿಂಜೆಯ ಕಾರ್ಖಾನೆಯು ನಮ್ಮದಾಗಿರುವವರೆಗೆ, ನಮಗಿದೆ.